ಗದ್ದ ಮುಟ್ಟಿದರೆ

ಶಾಲೆಯ ವಸತಿಗೃಹ
ಜನವರಿ ೯

ಗಡಿಯಾರದವರಿಗೆ,

ಪತ್ರ ತಡವಾಯಿತು ಅಂತ ಮುಖ ಊದಿಸಿಕೊಂಡಿರುತ್ತೀರಿ. ಊದಿಸಿಕೊಳ್ಳಿ, ನಾನೇನು ನೋಡುವುದಿಲ್ಲವಲ್ಲ. ಮನೆಗೆ ಹೋಗಲಾಗದೆ ಇಲ್ಲೇ ಉಳಿದ ಹನ್ನೆರಡು ಮಕ್ಕಳಿಗೆ ದಿನಕ್ಕೆ ಎರಡು ಸಲ ಜ್ವರ ನೋಡಿ, ಆರು ಸಲ ಕೈ ತೊಳೆಸಿ, ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕದ ಹಾಗೆ ಕಾದು ಮುಗಿಸುವಷ್ಟರಲ್ಲಿ ಪೆನ್ನು ಹಿಡಿಯುವ ತ್ರಾಣ ಇರುವುದಿಲ್ಲ. ನಾನು ಮನೆ ಬಿಟ್ಟು ಏಳು ತಿಂಗಳಾಯಿತು. ಮಕ್ಕಳ ನಡುವೆ ಓಡಾಡುವವಳು ನಿಮ್ಮ ಹತ್ತಿರ ಸುಳಿಯಬಾರದು ಅಂತ ನಾವಿಬ್ಬರೂ ತೀರ್ಮಾನ ಮಾಡಿದಾಗ ಏಳು ವಾರ ಅಂದುಕೊಂಡಿದ್ದೆವು.

ಇವತ್ತು ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಕಿವುಡು ಮಕ್ಕಳ ಶಾಲೆಯಲ್ಲಿ ಮಾಸ್ಕ್ ಅಂದರೆ ಕಪ್ಪು ಹಲಗೆಗೆ ಪರದೆ ಎಳೆದ ಹಾಗೆ. ಕೈಭಾಷೆ ಇದೆಯಲ್ಲ ಅಂತ ಹೊರಗಿನವರು ಸುಲಭವಾಗಿ ಹೇಳಿಬಿಡುತ್ತಾರೆ. ಅದರ ಅರ್ಧ ಮುಖದಲ್ಲೇ ಇರುತ್ತದೆ ಅಂತ, ಎಂಟನೆಯ ವಯಸ್ಸಿಗೆ ಕಿವಿ ಕಳೆದುಕೊಂಡ ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ತರಗತಿಯ ಕಟ್ಟಳೆಯೂ ನಿಮಗೆ ಗೊತ್ತು. ಅರ್ಥವಾಗದ ಮಗು ಗದ್ದ ಮುಟ್ಟಬೇಕು. ‘ಬಾಯಿ ತೋರಿಸಿ’ ಅಂತ ಅರ್ಥ. ಮುಟ್ಟಿದರೆ ಟೀಚರು ಏನು ಮಾಡುತ್ತಿದ್ದರೂ ಬಿಟ್ಟು, ಅದರ ಕಡೆ ಮುಖ ತಿರುಗಿಸಿ ಇನ್ನೊಂದು ಸಲ ಹೇಳಬೇಕು. ನೀವೂ ಮನೆಯಲ್ಲಿ ಅದನ್ನೇ ಮಾಡಿ ನನ್ನನ್ನು ಒಲೆಯ ಮುಂದಿನಿಂದ ಎಷ್ಟು ಸಲ ಎಳೆದಿಲ್ಲ! ಇಪ್ಪತ್ತೆರಡು ವರ್ಷದಲ್ಲಿ ಗದ್ದ ಮುಟ್ಟಿದ ಒಂದು ಮಗುವಿಗೂ ನಾನು ಇಲ್ಲ ಅಂದವಳಲ್ಲ. ಮಾಸ್ಕ್ ಬಂದ ಮೊದಲ ತಿಂಗಳು ಎಲ್ಲರ ಗದ್ದವೂ ಮುಟ್ಟಿ ಮುಟ್ಟಿ ಕೆಂಪಾಗಿತ್ತು. ನೀವು ಬಾಯಿಯ ಜಾಗಕ್ಕೆ ತೆಳು ಪ್ಲಾಸ್ಟಿಕ್ಕಿನ ಕಿಟಕಿ ಇಟ್ಟು ಹೊಲಿದು ಕಳಿಸಿದ ಮಾಸ್ಕ್ ಬರದೇ ಹೋಗಿದ್ದರೆ ಈ ಹನ್ನೆರಡೂ ಸುಮ್ಮನಾಗಿಬಿಡುತ್ತಿದ್ದವು. ಬೇರೆ ಶಾಲೆಗಳಲ್ಲಿ ಮಕ್ಕಳು ಸುಮ್ಮನಾಗಿದ್ದಾರಂತೆ. ಅಲ್ಲಿ ಈಗ ಯಾರೂ ಗದ್ದ ಮುಟ್ಟುವುದಿಲ್ಲವಂತೆ.

ಆ ಕಿಟಕಿ ಮಾಸ್ಕಿನ ಸುದ್ದಿ ದೊಡ್ಡವರ ಕಿವಿಗೆ ಬಿದ್ದಿದೆ. ಕಿವುಡು ಮಕ್ಕಳ ಶಿಕ್ಷಕರ ವಾರ್ಷಿಕ ಸಮ್ಮೇಳನ ಫೆಬ್ರವರಿ ಹದಿನೆಂಟು, ಹತ್ತೊಂಬತ್ತಕ್ಕೆ. ಎಲ್ಲರೂ ಖುದ್ದಾಗಿ ಬರಬೇಕು, ಮುನ್ನೂರು ಜನ. ನಾನು ವೇದಿಕೆಯ ಮೇಲೆ ಪಾಠ ಮಾಡಿ ತೋರಿಸಬೇಕು. ಅದನ್ನು ನೋಡಿ, ಮುಚ್ಚಿರುವ ನಮ್ಮಂಥ ಶಾಲೆಗಳನ್ನೆಲ್ಲ ಈ ಮಾಸ್ಕಿನೊಂದಿಗೆ ತೆರೆಯಬಹುದೇ ಅಂತ ನಿರ್ಧರಿಸುತ್ತಾರಂತೆ.

ಹೋಗಬೇಕು ಅಂತಲೂ ಇದೆ, ಹೋಗಬಾರದು ಅಂತಲೂ ಇದೆ. ಫೆಬ್ರವರಿ ಕೊನೆಯಲ್ಲಿ ಮೂರು ವಾರ ರಜೆ ಹಾಕಿ ಮನೆಗೆ ಬರುವುದು ಅಂತಿತ್ತಲ್ಲ? ಸಮ್ಮೇಳನಕ್ಕೆ ಹೋದರೆ ಹೇಗೆ ಬರಲಿ? ನೀವು ಬೇಡ ಅಂದುಬಿಟ್ಟರೆ ನನಗೆ ನೆಮ್ಮದಿ. ಬೇಡ ಅನ್ನಿ.

ನಿಮ್ಮ ಟೀಚರಮ್ಮ

*

ಮನೆ, ಮಹಡಿ
ಜನವರಿ ೧೭

ಟೀಚರಮ್ಮನವರಿಗೆ,

ಬೇಡ ಅನ್ನುವುದಿಲ್ಲ. ಬೇಡ ಅಂದರೆ ಮುಂದಿನ ಇಪ್ಪತ್ತು ವರ್ಷ ಪ್ರತಿ ಜಗಳದಲ್ಲೂ ಅದು ಎದ್ದು ಬರುತ್ತದೆ. ಹೋಗಿ ಬಾ.

ಇಲ್ಲಿಯ ಸಮಾಚಾರ ಅದೇ. ಗಿರಾಕಿಗಳು ಬಾಗಿಲ ಹೊರಗಿನ ಡಬ್ಬದಲ್ಲಿ ಗಡಿಯಾರ ಹಾಕಿ, ಏನಾಗಿದೆ ಅಂತ ಚೀಟಿ ಬರೆದಿಟ್ಟು ಹೋಗುತ್ತಾರೆ. ಒಬ್ಬ ‘ನಡೆಯುತ್ತಿಲ್ಲ, ಕಾರಣ ಗೊತ್ತಿಲ್ಲ’ ಅಂತ ಬರೆದಿದ್ದ. ಕಾರಣ ಗೊತ್ತಿದ್ದರೆ ನನ್ನ ಹತ್ತಿರ ಯಾಕೆ ತರುತ್ತಿದ್ದ? ಎರಡು ದಿನ ಡಬ್ಬ ಬಿಸಿಲಿಗಿಟ್ಟು ಆಮೇಲೆ ಮುಟ್ಟುತ್ತೇನೆ. ಅಕ್ಕ ಊಟವನ್ನು ಮೆಟ್ಟಿಲ ಮೇಲಿಟ್ಟು ಕೆಳಗೆ ಇಳಿದು ನಿಂತು ಬೈಯುತ್ತಾಳೆ. ಮಾಸ್ಕ್ ಹಾಕಿಕೊಂಡೇ. ಬೈಗುಳ ಅಂತ ಹುಬ್ಬಿನಿಂದ ಗೊತ್ತಾಗುತ್ತದೆ, ಯಾತಕ್ಕೆ ಅಂತ ಗೊತ್ತಾಗುವುದಿಲ್ಲ. ನಿನ್ನೆ ಕೊನೆಗೆ ಹಲಗೆಯ ಮೇಲೆ ಬರೆದು ತೋರಿಸಿದಳು: “ಅವಳನ್ನ ಕಳಿಸಬೇಡ. ನನ್ನ ಕಿಡ್ನಿ ನಿನ್ನೊಳಗಿದೆ ಅನ್ನೋದು ನೆನಪಿರಲಿ.” ಕೊಟ್ಟು ಆರು ವರ್ಷವಾದರೂ ಅದನ್ನು ಅವಳು ‘ನನ್ನ ಕಿಡ್ನಿ’ ಅನ್ನುವುದು ಬಿಟ್ಟಿಲ್ಲ.

ಫೋನಿನಲ್ಲಿ ನೋಡೋಣ ಅಂದರೆ ನಮ್ಮ ನೆಟ್‌ವರ್ಕಿಗೆ ನಿನ್ನ ತುಟಿ ಒಂದು ಕಡೆ ನಿಂತಿರುತ್ತದೆ, ಮಾತು ಮುಂದೆ ಹೋಗಿರುತ್ತದೆ. ಏಳು ತಿಂಗಳಿಂದ ನಾನು ಒಂದು ಬಾಯಿ ನೋಡಿಲ್ಲ. ನಿಜ ಹೇಳುತ್ತೇನೆ, ಕಿವಿ ಹೋದಾಗಲೂ ನನಗೆ ಇಷ್ಟು ಕಿವುಡು ಅನ್ನಿಸಿರಲಿಲ್ಲ.

ಹೋಗುವವಳು ಹೀಗೆ ಮಾಡು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗಾಜು ತೆರೆದಿಡು, ಚಳಿಯಾದರೆ ಶಾಲು ಹೊದ್ದುಕೋ. ಲಿಫ್ಟ್ ಹತ್ತಬೇಡ. ಎಲ್ಲರ ಜೊತೆ ಊಟಕ್ಕೆ ಕೂರಬೇಡ. ನಿನ್ನದು ನೀನು ಕಟ್ಟಿಕೊಂಡು ಹೋಗಿ ಮರದ ಕೆಳಗೆ ತಿನ್ನು. ಹಳೆಯ ಗೆಳತಿಯರು ಸಿಕ್ಕರು ಅಂತ ತಬ್ಬಿಕೊಳ್ಳಬೇಡ. ಮುಖ್ಯವಾದದ್ದು ಇದು: ಕಿಟಕಿಯ ಒಳಬದಿಗೆ ಒಂದು ತೊಟ್ಟು ಪಾತ್ರೆ ಸೋಪು ಸವರಿ, ಒಣಗಿಸಿ, ಮೆತ್ತಗೆ ಒರೆಸು. ನನ್ನ ಭೂತಗನ್ನಡಿಗೆ ಮಾಡುವ ಹಾಗೆ. ಸೋಪು ಇದ್ದರೆ ಮೂರು ಗಂಟೆ ಹಬೆ ಹಿಡಿಯುವುದಿಲ್ಲ. ಇಲ್ಲದಿದ್ದರೆ ಹತ್ತು ನಿಮಿಷ.

ನಿನ್ನ ಗಡಿಯಾರದವನು

*

ಶಾಲೆಯ ವಸತಿಗೃಹ
ಫೆಬ್ರವರಿ ೪

ಗಡಿಯಾರದವರಿಗೆ,

ಒಪ್ಪಿ ಬರೆದುಬಿಟ್ಟೆ. 

ಸಮ್ಮೇಳನದವರಿಗೆ ಎರಡು ಪುಟ ಪ್ರಶ್ನೆ ಕಳಿಸಿದ್ದೆ. ಸಭಾಂಗಣದ ಕಿಟಕಿಗಳು ತೆರೆಯುತ್ತವೆಯೇ, ಕುರ್ಚಿಗಳ ನಡುವೆ ಎಷ್ಟು ಜಾಗ, ಕೆಮ್ಮುವವರನ್ನು ಏನು ಮಾಡುತ್ತೀರಿ, ಮೈಕನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತೀರಾ. ಪಾಪ, ಸಾಲು ಸಾಲಾಗಿ ಉತ್ತರ ಬರೆದಿದ್ದಾರೆ. ಬರುವ ಮುಂಚೆ ಎಲ್ಲರಿಗೂ ಪರೀಕ್ಷೆ, ಬಾಗಿಲಲ್ಲಿ ಜ್ವರ ನೋಡುವುದು, ಹೆಜ್ಜೆಗೊಂದು ಸ್ಯಾನಿಟೈಸರ್. ‘ನಮ್ಮಷ್ಟು ಮುತುವರ್ಜಿ ಯಾರೂ ವಹಿಸಿರಲಿಕ್ಕಿಲ್ಲ’ ಅಂತ ಕೊನೆಯಲ್ಲಿ ಸ್ವಲ್ಪ ಜಂಬವೂ ಇದೆ.

ಆದರೂ ನಿಮ್ಮ ಡಾಕ್ಟರಿಗೆ ಫೋನು ಮಾಡಿದೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ಮುಚ್ಚಿಡುವುದಿಲ್ಲ. “ನೋಡಮ್ಮ, ಕಿಡ್ನಿ ಉಳಿಸ್ಕೊಳ್ಳೋಕೆ ಅಂತ ಕೊಡ್ತಿರೋ ಮಾತ್ರೆ ಅವರ ಮೈಯೊಳಗಿನ ಕಾವಲುಗಾರರನ್ನೆಲ್ಲ ಮಲಗಿಸಿಬಿಟ್ಟಿದೆ. ನಿನಗೆ ಬಂದ್ರೆ ನಾಲ್ಕು ದಿನ ಜ್ವರ. ಅವರಿಗೆ ಬಂದ್ರೆ ನಾನು ಭರವಸೆ ಕೊಡೋಕಾಗಲ್ಲ.” ನಾನು, “ಹಾಗಾದ್ರೆ ಹೋಗ್ಲೋ ಬೇಡ್ವೋ?” ಅಂದೆ. “ಹೋಗು. ಆದ್ರೆ ಹದಿನಾಲ್ಕು ದಿನ ಮನೆ ಕಡೆ ತಲೆ ಹಾಕಬೇಡ” ಅಂದರು.

ಹಾಗಾಗಿ ಸಮ್ಮೇಳನ ಮುಗಿದ ಮೇಲೆ ಅಲ್ಲೇ ಒಂದು ಕೋಣೆ ಹಿಡಿದು ಹದಿನಾಲ್ಕು ದಿನ ಕೂರುತ್ತೇನೆ. ಹದಿನಾಲ್ಕು ಅಂದರೆ ಹದಿನಾಲ್ಕು. ಹದಿಮೂರನೆಯ ದಿನ ನೀವು ಗೋಳಾಡಿದರೂ ಕದಲುವವಳಲ್ಲ. ಅಕ್ಕನಿಗೆ ಹೇಳಿ, ಅವರ ಕಿಡ್ನಿಗೆ ನಾನು ಜವಾಬ್ದಾರಿ.

ಇನ್ನೊಂದು ಖುಷಿಯ ಸುದ್ದಿ. ನಮ್ಮ ಯಾಕಮ್ಮ ಬರುತ್ತಿದ್ದಾಳೆ! ಮಾತಿಗೊಂದು ‘ಯಾಕೆ’ ಕೇಳಿ ನನ್ನ ತಲೆ ತಿನ್ನುತ್ತಿದ್ದ ಹುಡುಗಿ ಈಗ ಒಂದು ಶಾಲೆಯಲ್ಲಿ ಸಹಾಯಕ ಶಿಕ್ಷಕಿ. ಕಿವಿ ಕೇಳಿಸದವರನ್ನು ಸಮ್ಮೇಳನಕ್ಕೆ ಪ್ರತಿನಿಧಿಗಳಾಗಿ ಕರೆದಿರುವುದು ಇದೇ ಮೊದಲು; ಮೂವತ್ತು ಜನ ಬರುತ್ತಾರಂತೆ, ಅವರಲ್ಲಿ ಅವಳೊಬ್ಬಳು.

ನಿಮ್ಮ ಟೀಚರಮ್ಮ

*

ಬಾಡಿಗೆ ಕೋಣೆ
ಫೆಬ್ರವರಿ ೨೦

ಗಡಿಯಾರದವರಿಗೆ,

ಮುಗಿಯಿತು. ಈ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಗೋಡೆಯ ಮೇಲೆ ನಿಂತುಹೋದ ಒಂದು ಗಡಿಯಾರ. ನೋಡಿದ ಕೂಡಲೇ ನಿಮ್ಮ ಕೈ ತುರಿಸುತ್ತಿತ್ತು. ಊಟದ ಡಬ್ಬ ಬಾಗಿಲಲ್ಲಿ ಇಟ್ಟು ಹೋಗುತ್ತಾರೆ.

ಬಸ್ಸಿನಲ್ಲಿ ಗಾಜು ತೆರೆದೇ ಕೂತಿದ್ದೆ, ಹಿಂದಿನ ಸೀಟಿನವರು ಶಾಪ ಹಾಕಿದರು. ಲಿಫ್ಟ್ ಹತ್ತಲಿಲ್ಲ. ಎರಡು ದಿನವೂ ಹೊರಗೆ ಕಲ್ಲುಬೆಂಚಿನ ಮೇಲೆ ಒಬ್ಬಳೇ ಕೂತು ತಿಂದೆ. ಯಾರನ್ನೂ ತಬ್ಬಿಕೊಳ್ಳಲಿಲ್ಲ, ಎಲ್ಲರೂ ದೂರ ನಿಂತು ಕೈ ಬೀಸಿದೆವು. ಮೊದಲ ದಿನದ ಪಾಠ ಎಷ್ಟು ಚೆನ್ನಾಗಿ ಆಯಿತು ಅಂದರೆ, ಇಳಿದು ಬರುವಾಗ ಅಧ್ಯಕ್ಷರೇ ಎದ್ದು ನಿಂತರು. ಮಾಸ್ಕ್ ಹೊಲಿದದ್ದು ಯಾರು ಅಂತ ಕೇಳಿದರು. ನಮ್ಮ ಮನೆಯವರು, ಗಡಿಯಾರ ರಿಪೇರಿ ಮಾಡುತ್ತಾರೆ ಅಂದೆ. ಚಪ್ಪಾಳೆ ಹೊಡೆದರು, ನಿಮ್ಮ ಪಾಲಿನದು ನಾನೇ ಇಸಿದುಕೊಂಡೆ.

ಎರಡನೆಯ ದಿನವೂ ಎಲ್ಲ ಸರಿಯಾಗಿ ನಡೆಯಿತು.

ವಿಡಿಯೋ ಹಾಕುತ್ತಾರಂತೆ. ನಮ್ಮ ಮನೆಯ ನೆಟ್‌ವರ್ಕಿನಲ್ಲಿ ಅದರ ಗೊಡವೆ ನಿಮಗೆ ಬೇಡ, ನಾನೇ ಬಂದು ಎಲ್ಲ ಹೇಳುತ್ತೇನೆ. ಇಪ್ಪತ್ತೈದಕ್ಕೆ ಪರೀಕ್ಷೆ ಮಾಡಿಸುತ್ತೇನೆ. ಏನೇ ಬಂದರೂ ಹದಿನಾಲ್ಕು ದಿನ ಮುಗಿಸಿಯೇ ಬರುವುದು.

ನಿಮ್ಮ ಟೀಚರಮ್ಮ

*

ಮನೆ, ಮಹಡಿ
ಫೆಬ್ರವರಿ ೨೩

ಟೀಚರಮ್ಮ,

ಪತ್ರ ಬಂತು. ಎರಡನೆಯ ದಿನದ ಬಗ್ಗೆ ಒಂದೇ ಸಾಲು ಬರೆದಿದ್ದೀಯ. ಕಿಟಕಿಗೆ ಹಬೆ ಬಂತೇ? ಉತ್ತರ ಬರೆಯಬೇಕಾಗಿಲ್ಲ.

ಇಪ್ಪತ್ತೈದರ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದರೆ ಹೊರಟು ಬಾ. ಹದಿನಾಲ್ಕು ಕಾಯಬೇಡ. ಅಕ್ಕನಿಗೆ ನಾನು ಹೇಳಿಕೊಳ್ಳುತ್ತೇನೆ. ಗೋಳಾಡುತ್ತಿದ್ದೇನೆ ಅಂತಲೇ ತಿಳಿದುಕೋ. ಎಂಟು ತಿಂಗಳಾಯಿತು.

ಬಾ.

ನಿನ್ನವನು

*

ಮನೆ, ಕೆಳಗಿನ ಕೋಣೆ
ಮಾರ್ಚ್ ೮

ನನ್ನ ಗಡಿಯಾರದವರಿಗೆ,

ಇದನ್ನು ಆಸ್ಪತ್ರೆಯ ಬಾಗಿಲಿಗೆ ಅಕ್ಕ ಮುಟ್ಟಿಸುತ್ತಾರೆ. ನಿಮ್ಮ ಕೈಗೆ ಬರುತ್ತದೋ, ಓದುವ ಸ್ಥಿತಿಯಲ್ಲಿ ಇದ್ದೀರೋ ಗೊತ್ತಿಲ್ಲ. ಫೋನು ಮಾಡಿದರೆ “ಹಾಗೇ ಇದಾರೆ” ಅನ್ನುತ್ತಾರೆ. ಹಾಗೇ ಅಂದರೆ ಹೇಗೆ?

ಪರೀಕ್ಷೆಯಲ್ಲಿ ಇಲ್ಲ ಅಂತ ಬಂದಿತ್ತು. ಚೀಟಿ ಕೈಯಲ್ಲಿ ಹಿಡಿದುಕೊಂಡೇ ಬಂದೆ, ಆರನೆಯ ದಿನಕ್ಕೆ. ಬಾಗಿಲಲ್ಲಿ ನೀವು ಗದ್ದ ಮುಟ್ಟಿದಿರಿ, ನಾನು ಮಾಸ್ಕ್ ತೆಗೆದೆ. ಮಾರನೆಯ ದಿನ ಸೋಪಿನ ವಾಸನೆ ಬರುತ್ತಿಲ್ಲ ಅನ್ನಿಸಿತು. ಅದರ ಮಾರನೆಯ ದಿನ ಯಾವ ವಾಸನೆಯೂ ಇಲ್ಲ. ಅಷ್ಟರಲ್ಲಿ ಆಗುವುದು ಆಗಿಹೋಗಿತ್ತು. ನನಗೆ ಡಾಕ್ಟರು ಹೇಳಿದ ಹಾಗೆ ನಾಲ್ಕು ದಿನ ಜ್ವರ, ಅಷ್ಟೇ. ನಿಮ್ಮನ್ನು ಕರೆದೊಯ್ಯಲು ಬಂದವರು ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡಿದ್ದರು. ನೀವು ಅವರಿಗೆ ಗದ್ದ ಮುಟ್ಟಿ ತೋರಿಸುತ್ತಾ ಇಳಿದು ಹೋದದ್ದನ್ನು ಈ ಕೋಣೆಯ ಕಿಟಕಿಯಿಂದ ನೋಡಿದೆ. ಅವರಿಗೇನು ಗೊತ್ತು?

ಒಂದು ಮಾತು ನಿಮಗೆ ಹೇಳಿಲ್ಲ. ಈಗ ಹೇಳಿಬಿಡುತ್ತೇನೆ.

ಎರಡನೆಯ ದಿನ ಮಧ್ಯಾಹ್ನ ಚರ್ಚೆ ಇತ್ತು. ಒಳಗೆ ಹೋಗುವಾಗ ಬಾಗಿಲಲ್ಲಿದ್ದವರು ಕೈಗೆ ಸ್ಯಾನಿಟೈಸರ್ ಹಾಕಿದರು. ನಾನು ಅತಿ ಜಾಣೆ, ಇರಲಿ ಅಂತ ಮಾಸ್ಕಿನ ಕಿಟಕಿಯನ್ನೂ ಅದರಿಂದ ಒಳಗೆ ಹೊರಗೆ ಒರೆಸಿದೆ. ನೀವು ಸವರಲು ಹೇಳಿದ ಸೋಪು ಅದರ ಜೊತೆ ಹೋಯಿತು. ವೇದಿಕೆ ಹತ್ತಿ ಹತ್ತು ನಿಮಿಷಕ್ಕೆ ಕಿಟಕಿ ಬೆಳ್ಳಗಾಯಿತು. ಅಧ್ಯಕ್ಷರು ಹೇಳುತ್ತಿದ್ದರು, “ಇದು ಕೆಲಸ ಮಾಡತ್ತೆ ಅನ್ನೋದು ಇನ್ನೂ ಖಾತ್ರಿ ಆಗಿಲ್ಲ” ಅಂತ. ಮೂರನೆಯ ಸಾಲಿನಲ್ಲಿ ಯಾಕಮ್ಮ ಗದ್ದ ಮುಟ್ಟಿದಳು.

ನನ್ನ ಕೈ ನನ್ನನ್ನು ಒಂದು ಮಾತು ಕೇಳಲಿಲ್ಲ. ಮಾಸ್ಕ್ ಕೆಳಗೆ ಬಂತು, ಅವಳ ಕಡೆ ತಿರುಗಿ ಮೊದಲಿನಿಂದ ಹೇಳಿದೆ. ಅವಳ ಪಕ್ಕದವರೂ ಗದ್ದ ಮುಟ್ಟಿದರು, ಹಿಂದಿನವರೂ ಮುಟ್ಟಿದರು. ಅಲ್ಲಿ ಇದ್ದವರೆಲ್ಲ ಯಾರು? ಮುನ್ನೂರು ಜನವೂ ನಮ್ಮ ಕಸುಬಿನವರೇ. ಒಬ್ಬರು ಗದ್ದ ಮುಟ್ಟಿದರೆ ಸುಮ್ಮನೆ ಕೂರುವುದು ಯಾರಿಗೂ ಗೊತ್ತಿಲ್ಲ. ತಮ್ಮ ಪಕ್ಕದಲ್ಲಿದ್ದವರಿಗೆ ನನ್ನ ಮಾತು ದಾಟಿಸಲು ಒಬ್ಬೊಬ್ಬರಾಗಿ ಮಾಸ್ಕ್ ಇಳಿಸಿದರು. ನೋಡುನೋಡುತ್ತಾ ಅರ್ಧ ಸಭೆಯ ಮಾಸ್ಕ್ ಗದ್ದದ ಮೇಲಿತ್ತು. ಇಪ್ಪತ್ತು ನಿಮಿಷ. ಬಸ್ಸಿನ ಗಾಜು, ಲಿಫ್ಟು, ಕಲ್ಲುಬೆಂಚು, ಎಲ್ಲ ನೀರಿನಲ್ಲಿ ಹೋಮ. ಆ ಸಭೆಯವರಲ್ಲಿ ಒಂಬತ್ತು ಜನ ಮಲಗಿದ್ದಾರೆ ಅಂತ ಈಗ ತಿಳಿಯಿತು.

ಅದನ್ನು ನಿಮಗೆ ಬರೆದಿದ್ದರೆ ನೀವು ‘ಬಾ’ ಅನ್ನುತ್ತಿರಲಿಲ್ಲ. ಗೊತ್ತಿದ್ದೇ ಬರೆಯಲಿಲ್ಲ. ಬರಬೇಕು ಅನ್ನುವ ಆಸೆಗೆ ನಾನು ನಿಮಗೆ ಸುಳ್ಳು ಹೇಳಿದೆ. ನನ್ನನ್ನು ಬೈಯಿರಿ, ಒಂದು ಸಾಲು ಬರೆದು ಬೈಯಿರಿ. ನಿಮ್ಮ ಅಕ್ಷರ ನೋಡಿದರೆ ಸಾಕು.

ನಿಮ್ಮ ಟೀಚರಮ್ಮ

*

ಆಸ್ಪತ್ರೆ, ಎರಡನೆಯ ವಾರ್ಡು
ಮಾರ್ಚ್ ೧೦

ಅಮ್ಮ,

ನಾನು ಇಲ್ಲಿಯ ಸಿಸ್ಟರ್. ನಿಮ್ಮ ಪತ್ರ ಅವರಿಗೆ ಕೊಟ್ಟೆ. ಓದಿದರು, ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡರು. ಬರೆಯಲು ಇನ್ನೂ ಕೈ ನಡುಗುತ್ತದೆ.

ನಿಮ್ಮ ಹತ್ತಿರ ಕ್ಷಮೆ ಕೇಳಬೇಕು. ಅವರಿಗೆ ಕಿವಿ ಕೇಳಿಸುವುದಿಲ್ಲ ಅಂತ ನಮಗೆ ಮೂರು ದಿನ ಗೊತ್ತಾಗಲಿಲ್ಲ. ಕರೆದುತಂದವರು ಚೀಟಿಯಲ್ಲಿ ಬರೆದಿರಲಿಲ್ಲ. ಅವರ ಅಕ್ಕ ಹೇಳಿದ್ದು ಯಾವ ಮೇಜಿನಲ್ಲಿ ನಿಂತಿತೋ. ಕರೆದರೆ ತಿರುಗುವುದಿಲ್ಲ, ಕೇಳಿದ್ದಕ್ಕೆ ಉತ್ತರವಿಲ್ಲ. ‘ಸ್ಪಂದಿಸುತ್ತಿಲ್ಲ’ ಅಂತ ಹಾಳೆಯಲ್ಲಿ ಬರೆದು ಹೋಗುತ್ತಿದ್ದೆವು. ನಾವು ಎರಡೆರಡು ಮಾಸ್ಕ್, ಮೇಲೆ ಮುಖದ ಕವಚ ಹಾಕಿರುತ್ತೇವೆ, ಅವರಿಗೆ ಏನೂ ಕಾಣಿಸಿರಲಿಕ್ಕಿಲ್ಲ. ನಿಮ್ಮ ಪತ್ರದ ಹೊರಗೆ ‘ಕಿವಿ ಕೇಳಿಸದು, ಓದಲು ಕೊಡಿ’ ಅಂತ ಇದ್ದದ್ದು ನೋಡಿದ ಮೇಲೇ ಗೊತ್ತಾಯಿತು.

ಒಂದು ಕೇಳಬೇಕಿತ್ತು. ಯಾರು ಮಂಚದ ಹತ್ತಿರ ಬಂದರೂ ಅವರು ಗದ್ದ ಮುಟ್ಟಿಕೊಳ್ಳುತ್ತಾರೆ. ಬಾಯಾರಿಕೆ ಅಂತ ತಿಳಿದು ಪ್ರತಿ ಸಲವೂ ನೀರು ಕೊಟ್ಟೆವು. ಕುಡಿಯುತ್ತಾರೆ, ಮತ್ತೆ ಮುಟ್ಟುತ್ತಾರೆ. ಏನು ಬೇಕು ಅವರಿಗೆ?

ವಾರ್ಡಿನ ಸಿಸ್ಟರ್

*

ಮನೆ, ಕೆಳಗಿನ ಕೋಣೆ
ಮಾರ್ಚ್ ೧೧

ಸಿಸ್ಟರಿಗೆ,

ಅದು ಬಾಯಾರಿಕೆ ಅಲ್ಲ. ನಿಮ್ಮ ಬಾಯಿ ತೋರಿಸಿ, ಏನು ಹೇಳುತ್ತಿದ್ದೀರೋ ಇನ್ನೊಂದು ಸಲ ಹೇಳಿ ಅಂತ. ನಮ್ಮ ಶಾಲೆಯ ಮಕ್ಕಳು ಕೇಳುವ ರೀತಿ. ಐದು ದಿನದಿಂದ ಅವರು ಕೇಳುತ್ತಿದ್ದಾರೆ, ಒಬ್ಬರೂ ಹೇಳಿಲ್ಲ. ನಿಮ್ಮ ತಪ್ಪು ಅಂತ ಬರೆಯುತ್ತಿಲ್ಲ, ನನ್ನ ಕೈಯೇ ಇಲ್ಲಿ ಕಟ್ಟಿಹೋಗಿದೆ ಅಂತ ಬರೆಯುತ್ತಿದ್ದೇನೆ.

ಆದರೆ ದಯವಿಟ್ಟು ಮಾಸ್ಕ್ ತೆಗೆಯಬೇಡಿ. ಅವರು ಎಷ್ಟು ಸಲ ಗದ್ದ ಮುಟ್ಟಿದರೂ, ಎಷ್ಟು ಕನಿಕರ ಬಂದರೂ ತೆಗೆಯಬೇಡಿ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಇದಕ್ಕೆ ತದ್ವಿರುದ್ಧವಾದದ್ದನ್ನು ಕಲಿಸಿದವಳು ಈ ಸಾಲು ಬರೆಯುತ್ತಿದ್ದೇನೆ. ನಿಮಗೂ ಮನೆ ಇದೆ, ಮನೆಯಲ್ಲಿ ಯಾರೋ ಕಾಯುತ್ತಿರುತ್ತಾರೆ.

ಒಂದು ಉಪಾಯ ಹೊಳೆದಿದೆ. ಅವರ ಮಂಚಕ್ಕೆ ಎದುರಾಗಿ ಗಾಜು ಇದೆಯೇ? ಬಾಗಿಲಿಗೋ ಗೋಡೆಗೋ? ಇದ್ದರೆ ಹೊರಗೆ, ಯಾರೂ ಇಲ್ಲದ ಕಡೆ, ಆ ಗಾಜಿನಾಚೆ ನಿಂತು ಮಾಸ್ಕ್ ಇಳಿಸಿ ಮಾತನಾಡಿ. ನಿಧಾನವಾಗಿ, ಬಾಯಿ ತೀರಾ ದೊಡ್ಡದು ಮಾಡದೆ. ಸದ್ದು ಅವರಿಗೆ ಬೇಕಾಗಿಯೇ ಇಲ್ಲ. ಗಾಜು ಅಡ್ಡ ಇದ್ದರೆ ನಷ್ಟ ನಮ್ಮಂಥವರಿಗೆ, ಅವರಿಗಲ್ಲ. ಇವತ್ತು ಯಾವ ವಾರ, ಹೊರಗೆ ಬಿಸಿಲಿದೆಯೋ ಇಲ್ಲವೋ, ಏನಾದರೂ ಹೇಳಿ. ನಾನು ಹದಿನಾರಕ್ಕೆ ಈ ಕೋಣೆಯಿಂದ ಹೊರಗೆ ಬರಬಹುದು. ಆ ಗಾಜಿನ ಮುಂದೆ ನನ್ನನ್ನು ಐದು ನಿಮಿಷ ನಿಲ್ಲಿಸುತ್ತೀರಾ?

ಅವರ ಹೆಂಡತಿ

*

ಆಸ್ಪತ್ರೆ, ಎರಡನೆಯ ವಾರ್ಡು
ಏಪ್ರಿಲ್ ೨

ಅಮ್ಮ,

ಅವರು ಹೋಗಿ ಹನ್ನೊಂದು ದಿನವಾದ ಮೇಲೆ ಬರೆಯುತ್ತಿದ್ದೇನೆ. ಮುಂಚೆಯೇ ಬರೆಯಬೇಕಿತ್ತು. ನನಗೂ ಜ್ವರ ಬಂದು ಮಲಗಿದ್ದೆ. ಗಾಬರಿಯಾಗಬೇಡಿ, ನಾನು ಒಳಗೆ ಒಂದು ಸಲವೂ ಮಾಸ್ಕ್ ಇಳಿಸಲಿಲ್ಲ. ಇದು ಬೇರೆ ಎಲ್ಲಿಂದಲೋ ಬಂದದ್ದು, ವಾಸಿಯೂ ಆಗಿದೆ.

ನಿಮ್ಮ ಪತ್ರ ಬಂದ ದಿನವೇ ನಾನು ಗಾಜಿನ ಬಾಗಿಲಾಚೆ ಹೋಗಿ ನಿಂತೆ. ಏನು ಹೇಳಬೇಕು ಅಂತ ತಿಳಿಯದೆ, “ಅಜ್ಜಾ, ಇವತ್ತು ಗುರುವಾರ” ಅಂದೆ. ಅವರು ತಲೆ ಅಲ್ಲಾಡಿಸಿ ಕಾಗದದ ಮೇಲೆ ಕಷ್ಟಪಟ್ಟು ಬರೆದು ತೋರಿಸಿದರು: ‘ಅಜ್ಜ ನಿಮ್ಮಪ್ಪ. ನನಗೆ ಐವತ್ತೊಂದು.’ ನಾನು ನಕ್ಕೆ. ಆ ವಾರ್ಡಿನಲ್ಲಿ ನನ್ನ ಮುಖದ ನಗು ನೋಡಿದವರು ಅವರೊಬ್ಬರೇ.

ನೀವು ಬಂದು ನಿಂತು ಹೋದ ಮಧ್ಯಾಹ್ನ ಇದರ ಜೊತೆಗಿರುವ ಹಾಳೆಯನ್ನು ಬರೆದರು. ಮಾರನೆಯ ಬೆಳಿಗ್ಗೆ ಗಂಟಲಿಗೆ ಕೊಳವೆ ಹಾಕಿದೆವು. ಅವರ ಬಟ್ಟೆಗಳ ಚೀಲದಲ್ಲಿ ಸೇರಿಹೋಗಿತ್ತು, ನಿನ್ನೆ ಸಿಕ್ಕಿತು. ನಾನು ಓದಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ವಾರ್ಡಿನ ಸಿಸ್ಟರ್

*

ಮಾರ್ಚ್ ೧೬

ಟೀಚರಮ್ಮ,

ಉಸಿರು ಕಮ್ಮಿ, ಬೇಗ ಮುಗಿಸುತ್ತೇನೆ.

ಬೈಯಿರಿ ಅಂದಿದ್ದೀಯ. ಬೈಯಲು ಏನಿದೆ? ನನಗೆ ಗೊತ್ತಿತ್ತು. ವಿಡಿಯೋ ಇಪ್ಪತ್ತೆರಡಕ್ಕೇ ಹಾಕಿದ್ದರು. ಅರ್ಧ ದಿನ ಇಳಿಸಿಕೊಂಡು ನೋಡಿದೆ. ಕಿಟಕಿ ಬೆಳ್ಳಗಾದದ್ದು ನೋಡಿದೆ, ಯಾಕಮ್ಮನ ಕೈ ಗದ್ದಕ್ಕೆ ಹೋದದ್ದು ನೋಡಿದೆ, ನಿನ್ನ ಕೈ ಎದ್ದದ್ದೂ ನೋಡಿದೆ. ಹದಿನಾಲ್ಕು ದಿನ ಕಾಯಬೇಕು ಅಂತ ನನಗೆ ನಿನಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಎಂಟು ತಿಂಗಳ ಮೇಲೆ ಒಂದು ಬಾಯಿ ಕಂಡಿತು, ಅದೂ ನಿನ್ನದು. ಅವಳಿಗೆ ನೀನು ಹೇಳಿದ್ದನ್ನೆಲ್ಲ ನಾನೂ ಕೇಳಿಸಿಕೊಂಡೆ. ಮೂವತ್ತು ಸಲ ನೋಡಿರಬೇಕು. ಆಮೇಲೆ ನನ್ನಿಂದ ತಡೆಯಲು ಆಗಲಿಲ್ಲ, ‘ಬಾ’ ಅಂತ ಬರೆದೆ. ಬಾಗಿಲಲ್ಲಿ ಗದ್ದ ಮುಟ್ಟಿದವನೂ ನಾನೇ. ತಪ್ಪನ್ನೆಲ್ಲ ನೀನೇ ಹೊತ್ತುಕೊಂಡು ಓಡಾಡಬೇಡ. ನನ್ನ ಪಾಲು ನನಗೆ ಬಿಡು. ಅಕ್ಕನ ಹತ್ತಿರ ಕಿಡ್ನಿಯ ವಿಷಯಕ್ಕೆ ಕ್ಷಮೆ ಕೇಳು.

ಇವತ್ತು ಗಾಜಿನಾಚೆ ನಿಂತು ‘ಮನೆಗೆ ಬನ್ನಿ’ ಅಂದೆಯಲ್ಲ, ಮೊದಲ ಸಲಕ್ಕೇ ಅರ್ಥವಾಗಿತ್ತು. ಆದರೂ ಐದು ಸಲ ಗದ್ದ ಮುಟ್ಟಿದೆ. ನೀನು ಪೆದ್ದಿ, ಐದು ಸಲವೂ ಹೇಳಿದೆ. ಇನ್ನೊಂದು ಸಲ ನೋಡೋಣ ಅಂತ, ಅಷ್ಟೇ.

ನಿನ್ನ ಗಡಿಯಾರದವನು

*

ಶಾಲೆಯ ವಸತಿಗೃಹ
ಜೂನ್ ೧೪

ಸಿಸ್ಟರಿಗೆ,

ನಿಮಗೆ ಉತ್ತರ ಬರೆಯಲು ಎರಡು ತಿಂಗಳು ಹಿಡಿಯಿತು. ಮೊದಲ ಒಂದು ತಿಂಗಳು ನಾನು ಬದುಕಿದ್ದೆ ಅಂತ ಅನ್ನಿಸುವುದಿಲ್ಲ. ಅಕ್ಕ ತಟ್ಟೆ ಮುಂದಿಟ್ಟು ನಿಲ್ಲುತ್ತಿದ್ದರು, ಬೈಯುತ್ತಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೊನೆಗೊಂದು ದಿನ, “ನನ್ನ ಕಿಡ್ನಿ ಹೋಯ್ತು ಅಂತ ನಾನು ಅಳ್ತಿಲ್ಲ ಕಣೇ, ನನ್ನ ತಮ್ಮ ಹೋದ” ಅಂದರು. ಆಮೇಲೆ ಇಬ್ಬರೂ ಒಟ್ಟಿಗೆ ಊಟ ಮಾಡಿದೆವು.

ಯಾಕಮ್ಮ ಕಾಗದ ಬರೆದಿದ್ದಳು. ‘ನಾನು ಗದ್ದ ಮುಟ್ಟದೇ ಇದ್ದಿದ್ದರೆ’ ಅಂತ. ‘ಮುಟ್ಟು ಅಂತ ಕಲಿಸಿದವಳು ನಾನು, ನೀನು ಮಾಡಿದ್ದು ಸರಿ’ ಅಂತ ಬರೆದೆ. ಮೂರು ಸಲ ಹರಿದು ಹಾಕಿ ನಾಲ್ಕನೆಯದನ್ನು ಕಳಿಸಿದೆ. ಯಾಕೆ ಅಂತ ಅವಳು ಮತ್ತೆ ಕೇಳದಿದ್ದರೆ ಸಾಕು.

ಸಮ್ಮೇಳನದವರು ಕಿಟಕಿ ಮಾಸ್ಕನ್ನು ಒಪ್ಪಿದ್ದಾರೆ. ಶಾಲೆಗಳು ತೆರೆದಿವೆ. ಎಲ್ಲ ಶಾಲೆಗೂ ಒಂದು ಸೂಚನಾಪತ್ರ ಕಳಿಸಿದ್ದಾರೆ, ನಮ್ಮ ಗೋಡೆಯ ಮೇಲೂ ಅಂಟಿಸಿದೆ. ಅದರಲ್ಲಿ ಆರನೆಯ ಸಾಲು ಹೀಗಿದೆ: ‘ಕಿಟಕಿಯ ಒಳಬದಿಗೆ ಸೋಪು ಸವರಿ ಒರೆಸುವುದು. ಸ್ಯಾನಿಟೈಸರ್ ಬಳಸಬಾರದು.’ ದಿನಕ್ಕೆ ಹತ್ತು ಸಲ ಅದರ ಮುಂದೆ ಹಾದುಹೋಗುತ್ತೇನೆ. ಆ ಒಂದು ಸಾಲಿಗೆ ನಮ್ಮ ಮನೆಯಿಂದ ಏನು ಹೋಗಿದೆ ಅಂತ ಓದುವವರಿಗೆ ಗೊತ್ತಿಲ್ಲ.

ನಿಮಗೆ ಬರೆಯಬೇಕು ಅನ್ನಿಸಿದ್ದು ಇವತ್ತಿನ ಸಂಗತಿಗೆ. ಹೊಸದಾಗಿ ಸೇರಿದ ಮಗುವೊಂದು, ಆರು ವರ್ಷದ್ದು, ಗದ್ದ ಮುಟ್ಟಿತು. ಆ ಮಗು ಸೇರಿದ ಮೇಲೆ ಮುಟ್ಟಿದ್ದು ಇದೇ ಮೊದಲು. ಸೆಕೆಗೆ ನನ್ನ ಮಾಸ್ಕಿನ ಕಿಟಕಿ ಸ್ವಲ್ಪ ಮಸುಕಾಗಿತ್ತು. ನನ್ನ ಕೈ ಎದ್ದಿತು, ಕಿವಿಯ ಹತ್ತಿರ ಬಂದು ನಿಂತಿತು.  ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು.

ನಾನು ತರಗತಿಯಿಂದ ಹೊರಗೆ ಬಂದೆ. ಅಂಗಳ ಸುತ್ತಿಕೊಂಡು ಹೋಗಿ, ಮುಚ್ಚಿದ ಗಾಜಿನ ಕಿಟಕಿಯ ಆಚೆ ನಿಂತು, ಮಾಸ್ಕ್ ತೆಗೆದು, ಪಾಠವನ್ನು ಮೊದಲಿನಿಂದ ಹೇಳಿದೆ. ಮಕ್ಕಳು ಬೆಂಚು ತಿರುಗಿಸಿಕೊಂಡು ಕೂತರು. ಆ ಮಗು ಮೂಗನ್ನು ಗಾಜಿಗೆ ಒತ್ತಿ ನೋಡಿತು. ಹೇಳಿ ಮುಗಿಸಿದೆ. ಅದು ಮತ್ತೆ ಗದ್ದ ಮುಟ್ಟಿತು.

ಅರ್ಥವಾಗಿದೆ ಅಂತ ಅದರ ಕಣ್ಣಲ್ಲೇ ಕಾಣುತ್ತಿತ್ತು. ನಾನು ಇನ್ನೊಂದು ಸಲ ಹೇಳಿದೆ.

ಇಂತಿ,
ಗಡಿಯಾರದವರ ಟೀಚರಮ್ಮ